ನೀರೊಳಗಿನ ಬೆವರು

ಇವತ್ತು ಏಳನೇ ತರಗತಿಯಲ್ಲಿ ರನ್ನನ ಗದಾಯುದ್ಧದ ಒಂದೇ ಸಾಲು ಹಿಡಿದು ಕೂತೆವು. ಪೀರಿಯಡ್ ಮುಗಿದದ್ದೇ ತಿಳಿಯಲಿಲ್ಲ. ವೈಶಂಪಾಯನ ಸರೋವರದೊಳಗೆ ದುರ್ಯೋಧನ, ದಡದಲ್ಲಿ ಭೀಮನ ಅಬ್ಬರ. 'ನೀರೊಳಗಿರ್ದುಂ ಬೆಮರ್ತನುರಗಪತಾಕಂ'. ನೀರಲ್ಲಿದ್ದೂ ಬೆವರಿದ!

"ನೀರಲ್ಲಿ ಬೆವರು ಕಾಣಲ್ವಲ್ಲ ಮಿಸ್, ಕವಿಗೆ ಹೆಂಗೆ ಗೊತ್ತಾಯ್ತು?" ಅಂದಳು ಹಿಂದಿನ ಬೆಂಚಿನ ಹುಡುಗಿ. 'ವಿರೋಧಾಭಾಸ' ಅಂತ ಅಲಂಕಾರದ ಹೆಸರು ಬರೆಯಲು ಎತ್ತಿದ್ದ ಚಾಕ್‌ಪೀಸ್ ಕೆಳಗಿಟ್ಟೆ. ಹೆಸರು ಆಮೇಲೆ ಬರಲಿ. ಅವನು ಬೆವರಿದ್ದು ಭಯಕ್ಕೋ, ಸಿಟ್ಟಿಗೋ?

ಕ್ಲಾಸಿಗೆ ಕ್ಲಾಸೇ ಭಯ ಅಂತು. ಅದೇ ಪದ್ಯದಲ್ಲಿ ರನ್ನ ಅವನನ್ನು 'ಕೋಪಾರುಣನೇತ್ರ' ಅಂತಾನೆ, ಕಣ್ಣು ಸಿಟ್ಟಿಗೆ ಕೆಂಪಾಗಿದೆ ಅಂದೆ. ಗದ್ದಲವೋ ಗದ್ದಲ. ಭೀಷ್ಮರ ಮಾತಿಗೆ ಕಟ್ಟುಬಿದ್ದು ಒಳಗೆ ಕೂತಿದ್ದಾನೆ ಅನ್ನೋದನ್ನೂ ನೆನಪಿಸಿದೆ. ಆಗ ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗ ಎದ್ದು ನಿಂತ. "ಹೊರಗೆ ಬರ್ಬೇಕು ಅಂತಾನೂ ಇದೆ, ಬರ್ಬಾರ್ದು ಅಂತಾನೂ ಇದೆ. ಅದಕ್ಕೇ ಬೆವರು."

ಇಷ್ಟು ವರ್ಷ ಅಲಂಕಾರದ ಲಕ್ಷಣ, ಸಮನ್ವಯ ಅಂತ ಅಂಕಕ್ಕೆ ಬರೆಸಿದ್ದರಲ್ಲಿ ಈ ದುರ್ಯೋಧನ ಎಲ್ಲಿದ್ದ ಅನ್ನಿಸಿ ಗಂಟಲು ಕಟ್ಟಿತು.

'ಉರಗಪತಾಕ' ನಾಳೆಗೆ ಉಳಿಯಿತು. ಅಡಗಿ ಕೂತವನನ್ನು ಅವನ ಹಾವಿನ ಬಾವುಟದ ಹೆಸರಿನಿಂದಲೇ ಯಾಕೆ ಕರೆದ, ಯೋಚಿಸಿಕೊಂಡು ಬನ್ನಿ ಅಂದಿದ್ದೇನೆ.