ಕೊಟೇಶನ್‌ನಲ್ಲಿ ವಿಂಡೋಸ್‌ಗೂ ಒಂದು ಸಾಲು ಇರಲಿ

ಅಸೆಂಬಲ್ಡ್ ಕಂಪ್ಯೂಟರಿಗೆ ಕೊಟೇಶನ್ ಕೇಳಿಕೊಂಡು ಬರುವವರು ಪ್ರೊಸೆಸರ್ ಯಾವ ಜನರೇಶನ್, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಯಾವ ಕಂಪನಿಯದು ಎಂದೆಲ್ಲ ಬಿಡದೆ ವಿಚಾರಿಸುತ್ತಾರೆ. ವಿಂಡೋಸ್ ಬಗ್ಗೆ ಕೇಳುವವರು ಕಮ್ಮಿ. ಅದು ಜತೆಗೇ ಬರುತ್ತದೆ ಎಂಬ ನಂಬಿಕೆ. ವಿಂಡೋಸ್ ಸಮೇತ ಮಾರುವ ಲ್ಯಾಪ್‌ಟಾಪಿನ ಮಟ್ಟಿಗೆ ಆ ನಂಬಿಕೆ ಸರಿ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ತಯಾರಕರು ಲೈಸೆನ್ಸಿನ ಗುರುತಾದ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ, ಅಂದರೆ ಬೋರ್ಡಿನ ಚಿಪ್ಪಿನೊಳಗೇ, ಬರೆದು ಕಳಿಸುತ್ತಾರೆ. ನಾವು ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸುವ ಬಿಡಿ ಬೋರ್ಡಿನಲ್ಲಿ ಅಂಥ ಕೀ ಇರುವುದಿಲ್ಲ. ಲೈಸೆನ್ಸನ್ನು ಬೇರೆಯಾಗಿಯೇ ಕೊಳ್ಳಬೇಕು. ಇದನ್ನು ಗಿರಾಕಿಗೆ ಬಾಯಿಬಿಟ್ಟು ಹೇಳುವುದು ಅಸೆಂಬಲ್ ಮಾಡುವವನ ಕೆಲಸ ಎಂದೇ ನಾನು ತಿಳಿದಿದ್ದೇನೆ.

ಮಲೆನಾಡಿನ ಈ ಭಾಗದಲ್ಲಿ ಸರ್ವಿಸ್ ಮಾಡುವ ನನಗೆ ಇದರ ತೂಕ ಸರಿಯಾಗಿ ಗೊತ್ತಾದದ್ದು ಒಂದು ಡಿಟಿಪಿ ಅಂಗಡಿಯ ಸಿಸ್ಟಮ್ಮಿನಿಂದ. ಬೇರೆಲ್ಲೋ ಅಸೆಂಬಲ್ ಮಾಡಿಸಿದ್ದು. ಆರು ತಿಂಗಳು ಚೆನ್ನಾಗಿ ಓಡಿ, ಆಮೇಲೆ ಪರದೆಯ ಮೂಲೆಯಲ್ಲಿ 'ಆ್ಯಕ್ಟಿವೇಟ್ ವಿಂಡೋಸ್' ಎಂದು ಮೂಡತೊಡಗಿತ್ತು. ಸೆಟ್ಟಿಂಗ್ಸ್‌ನಲ್ಲಿ ಎಫ್074 ಎಂದು ಮುಗಿಯುವ ಎರರ್. ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಲ್‌ಎಂಜಿಆರ್, ಸ್ಪೇಸ್, ಸ್ಲ್ಯಾಶ್ ಡಿಎಲ್‌ವಿ ಎಂದು ಹೊಡೆದೆ. ತೆರೆದುಕೊಂಡ ಲೈಸೆನ್ಸಿನ ವಿವರದಲ್ಲಿ ಚಾನೆಲ್, ಅಂದರೆ ಲೈಸೆನ್ಸಿನ ಬಗೆಯ ಜಾಗದಲ್ಲಿ 'ವಾಲ್ಯೂಮ್ ಕೆಎಂಎಸ್ ಕ್ಲೈಂಟ್' ಎಂದಿತ್ತು.

ಕೆಎಂಎಸ್ ಎನ್ನುವುದು ಒಟ್ಟಿಗೇ ಬಹಳಷ್ಟು ಲೈಸೆನ್ಸ್ (ವಾಲ್ಯೂಮ್ ಲೈಸೆನ್ಸ್) ಕೊಳ್ಳುವ ದೊಡ್ಡ ಕಚೇರಿಗಳ ವ್ಯವಸ್ಥೆ. ಸಂಸ್ಥೆಯೊಳಗೇ ಒಂದು ಸರ್ವರ್ ಇರುತ್ತದೆ. ವಿಂಡೋಸ್ ಪಿಸಿಗಳಾದರೆ ಕನಿಷ್ಠ 25 ಅದನ್ನು ಸಂಪರ್ಕಿಸಿದ ಮೇಲೆಯೇ ಅದು ಆ್ಯಕ್ಟಿವೇಟ್ ಮಾಡಲು ಶುರುಮಾಡುವುದು. ಒಮ್ಮೆ ಕೊಟ್ಟ ಒಪ್ಪಿಗೆ 180 ದಿನಕ್ಕೆ ಸಾಕು. ಪ್ರತಿ ಪಿಸಿಯೂ ಏಳು ದಿನಕ್ಕೊಮ್ಮೆ ಸರ್ವರನ್ನು ಹುಡುಕಿ ಅದನ್ನು ನವೀಕರಿಸಿಕೊಳ್ಳಲು ನೋಡುತ್ತದೆ. ಎರಡೇ ಕಂಪ್ಯೂಟರಿನ ಅಂಗಡಿಗೆ ಆ ಸರ್ವರ್ ಬರುವುದು ಎಲ್ಲಿಂದ? ಅಸೆಂಬಲ್ ಮಾಡಿದವರು ಆ ಸರ್ವರಿನ ಹಾಗೆ ನಟಿಸುವ ಒಂದು ಆ್ಯಕ್ಟಿವೇಟರ್ ಹಾಕಿ ಕೊಟ್ಟಿದ್ದರು. ಅದನ್ನು ಆಂಟಿವೈರಸ್ ಯಾವಾಗಲೋ ಕಿತ್ತುಹಾಕಿತ್ತು. 180 ದಿನ ತುಂಬಿದಾಗ ಬಣ್ಣ ಬಯಲಾಯಿತು.

"ಎಂತ ಮಾರಾಯ, ದುಡ್ಡು ಕೊಟ್ಟೇ ತಗೊಂಡದ್ದಲ್ವಾ?" ಎಂದರು ಅಂಗಡಿಯ ಯಜಮಾನರು.

"ಬಿಲ್ ತೋರ್ಸಿ ಅಣ್ಣ," ಎಂದೆ. ಬಿಲ್ಲಿನಲ್ಲಿ ಕ್ಯಾಬಿನೆಟ್, ಎಸ್‌ಎಂಪಿಎಸ್, ಮೌಸ್ ಪ್ಯಾಡ್ ಕೂಡ ಇತ್ತು. ವಿಂಡೋಸ್ ಎಂಬ ಸಾಲು ಇರಲಿಲ್ಲ.

ಪರದೆಯ ಮೂಲೆಯ ಆ ನೀರುಗುರುತಿಗಿಂತ ನನ್ನನ್ನು ಕಂಗೆಡಿಸಿದ್ದು ಇನ್ನೊಂದು. ಇಂಥ ಆ್ಯಕ್ಟಿವೇಟರ್ ಓಡಬೇಕಾದರೆ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ಆಫ್ ಮಾಡಬೇಕು, ಇಲ್ಲವೇ ಒಂದು ಫೋಲ್ಡರನ್ನು ಅದರ ತಪಾಸಣೆಯಿಂದ ಹೊರಗಿಡಬೇಕು. ಆ ಸಿಸ್ಟಮ್ಮಿನಲ್ಲಿ ಡೌನ್‌ಲೋಡ್ಸ್ ಫೋಲ್ಡರಿಗೇ ವಿನಾಯಿತಿ ಕೊಟ್ಟಿತ್ತು. ಊರಿನ ಜನ ಆಧಾರ್, ಪಹಣಿ, ಪಾಸ್‌ಬುಕ್ ಪ್ರತಿಗಳನ್ನು ಕೊಟ್ಟು ಪ್ರಿಂಟ್ ಹೊಡೆಸುವುದು ಅದೇ ಕಂಪ್ಯೂಟರಿನಲ್ಲಿ. ವಾಟ್ಸ್‌ಆ್ಯಪ್‌ನಿಂದ ಇಳಿಯುವ ಫೈಲುಗಳೆಲ್ಲ ಬಂದು ಬೀಳುವುದೂ ಅದೇ ಫೋಲ್ಡರಿಗೆ. ಅವರ ನಂಬಿಕೆಯ ಮೇಲೆ ನಡೆಯುವ ಅಂಗಡಿಯ ಬಾಗಿಲನ್ನು ಹೀಗೆ ತೆರೆದಿಟ್ಟು ಹೋಗುವುದು ನನಗೆ ಸಹಿಸಲಾಗದ ಕೆಲಸ. ಡಿಸ್ಕ್ ಫಾರ್ಮ್ಯಾಟ್ ಮಾಡಿ, ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿಕೊಂಡ ಇನ್‌ಸ್ಟಾಲರಿನಿಂದ ಹೊಸದಾಗಿ ಹಾಕಿದೆ.

ಇನ್ನು ಯಾವ ಲೈಸೆನ್ಸ್ ಕೊಳ್ಳಬೇಕು? ಗಿರಾಕಿ ತಾನೇ ಬಿಡಿಯಾಗಿ ಕೊಳ್ಳುವ ರಿಟೇಲ್ ಮತ್ತು ಕಂಪ್ಯೂಟರ್ ತಯಾರಿಸುವವರಿಗೆಂದು ಮಾಡಿದ ಒಇಎಂ ಎರಡನ್ನೂ ಹೊರಗಿನಿಂದ ನೋಡಿದರೆ ಒಂದೇ, 25 ಅಕ್ಷರದ ಕೀ. ಒಇಎಂ ಮೊದಲು ಆ್ಯಕ್ಟಿವೇಟ್ ಆದ ಮದರ್‌ಬೋರ್ಡಿಗೇ ಅಂಟಿಕೊಳ್ಳುತ್ತದೆ. ರಿಟೇಲನ್ನು ಹಳೆಯ ಪಿಸಿಯಿಂದ ತೆಗೆದು ಹೊಸದಕ್ಕೆ ಹಾಕಬಹುದು, ಏಕಕಾಲಕ್ಕೆ ಒಂದರಲ್ಲಿ ಮಾತ್ರ ಇರಬೇಕು. ಬೇರೆ ಊರಿನಲ್ಲಿ ಇದು ಸಣ್ಣ ವ್ಯತ್ಯಾಸ ಇರಬಹುದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಎಷ್ಟು ಬೋರ್ಡುಗಳು ಸುಡುತ್ತವೆ ಎಂಬುದು ಸರ್ವಿಸ್ ಮಾಡುವ ಎಲ್ಲರಿಗೂ ಗೊತ್ತು. ಯುಪಿಎಸ್ ಇದ್ದರೂ ಸಿಡಿಲು ಲ್ಯಾನ್ ಕೇಬಲ್ಲಿನಿಂದ ಒಳಗೆ ಬರುತ್ತದೆ. ಕೆಟ್ಟ ಬೋರ್ಡಿಗೆ ಬದಲಾಗಿ ಅದೇ ಕಂಪನಿಯ ಸಮಾನ ಬೋರ್ಡ್ ಹಾಕಿದರೆ ಒಇಎಂ ಲೈಸೆನ್ಸ್ ಉಳಿಸಿಕೊಳ್ಳಲು ದಾರಿಯಿದೆ. ಆದರೆ ನಾಲ್ಕೈದು ವರ್ಷ ಕಳೆದ ಮೇಲೆ ಆ ಪ್ರೊಸೆಸರ್ ಕೂರುವ ಸಾಕೆಟ್ಟಿನ ಬೋರ್ಡೇ ಸಿಗದು. ಹಾಗಾಗಿ ಇಲ್ಲಿ ಅಸೆಂಬಲ್ ಮಾಡಿಸುವವರಿಗೆ ದುಬಾರಿಯಾದರೂ ರಿಟೇಲೇ ಎಂದು ನಾನು ಹೇಳುವುದು. ಹಳೇ ಲ್ಯಾಪ್‌ಟಾಪಿನ ವಿಂಡೋಸನ್ನೇ ಇದಕ್ಕೆ ಹಾಕಿಕೊಡಿ ಎನ್ನುವವರೂ ಇದ್ದಾರೆ. ಅದು ಆ ಲ್ಯಾಪ್‌ಟಾಪಿನ ಬೋರ್ಡಿಗೆ ಸೇರಿದ ಒಇಎಂ, ಈಚೆ ಬರುವಂತಿಲ್ಲ.

ನೆಟ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕೀಗಳನ್ನು ನಾನು ಮುಟ್ಟುವುದಿಲ್ಲ. ಅವುಗಳಲ್ಲಿ ಬಹಳಷ್ಟು ಯಾವುದೋ ಸಂಸ್ಥೆಯ ವಾಲ್ಯೂಮ್ ಕೀಗಳು, ಇಲ್ಲವೇ ಗುಜರಿಗೆ ಹೋದ ಪಿಸಿಗಳಿಂದ ಕಿತ್ತವು. ಮೊದಲ ದಿನ ಆ್ಯಕ್ಟಿವೇಟ್ ಆಗಿಬಿಡುತ್ತವೆ, ಮೋಸ ಇರುವುದೇ ಅಲ್ಲಿ. ಆ್ಯಕ್ಟಿವೇಟ್ ಆಯಿತು ಎಂದ ಮಾತ್ರಕ್ಕೆ ಲೈಸೆನ್ಸ್ ನಮ್ಮದಾಯಿತು ಎಂದಲ್ಲ. ಕೀ ಬ್ಲಾಕ್ ಆದ ದಿನ ಮಾರಿದವರ ಫೋನ್ ಯಾರೂ ಎತ್ತುವುದಿಲ್ಲ.

ಲೈಸೆನ್ಸ್ ಹಾಕಿಯಾದ ಮೇಲೆ ಅದನ್ನು ಗಿರಾಕಿಯ ಸ್ವಂತ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಬೇಕು. ವಿಂಡೋಸ್ 10ಕ್ಕೆ 2016ರಲ್ಲಿ ಬಂದ ಆ್ಯನಿವರ್ಸರಿ ಅಪ್‌ಡೇಟಿನಿಂದ ಈ ಸೌಲಭ್ಯ ಇದೆ. ಬರೀ ಎಸ್‌ಎಸ್‌ಡಿ ಹೋದರೆ ಚಿಂತೆಯಿಲ್ಲ. ಹೊಸದರಲ್ಲಿ ಇನ್‌ಸ್ಟಾಲ್ ಮಾಡುವಾಗ 'ನನ್ನ ಬಳಿ ಕೀ ಇಲ್ಲ' ಎಂಬುದನ್ನು ಒತ್ತಿ ಮೊದಲಿದ್ದ ಎಡಿಶನ್ನನ್ನೇ ಆರಿಸಿದರೆ, ನೆಟ್ ಸಿಕ್ಕ ಕೂಡಲೇ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಹೋಮ್ ಇದ್ದಲ್ಲಿ ಪ್ರೊ ಹಾಕಿದರೆ ಆಗದು, ಫೋನ್ ಮಾಡಿ ಕೇಳುವವರಲ್ಲಿ ಹೆಚ್ಚಿನವರದು ಇದೇ ತೊಡಕು. ಬೋರ್ಡ್ ಬದಲಾದಾಗ ಮಾತ್ರ ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದ ಟ್ರಬಲ್‌ಶೂಟರಿಗೆ ಹೋಗಿ 'ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ' ಎಂಬುದನ್ನು ಆರಿಸಿ ಅದೇ ಅಕೌಂಟಿನಿಂದ ಲಾಗಿನ್ ಆಗಬೇಕು. ಅಷ್ಟು ಹೊತ್ತಿಗೆ ಅಕೌಂಟ್ ಮೆಕ್ಯಾನಿಕ್ಕಿನ ಇಮೇಲ್‌ನಲ್ಲಿದ್ದರೆ ಗಿರಾಕಿ ಎಲ್ಲಿಗೆ ಹೋಗಬೇಕು? ಇಮೇಲ್ ಇಲ್ಲದವರಿಗೆ ಎದುರಿಗೇ ಕೂರಿಸಿಕೊಂಡು ಮಾಡಿಸುತ್ತೇನೆ, ಪಾಸ್‌ವರ್ಡ್ ಅವರೇ ಬರೆದುಕೊಳ್ಳುತ್ತಾರೆ. ಕೀ ಇರುವ ಕಾರ್ಡನ್ನೂ ಬಿಲ್ಲಿನ ಜತೆ ಅವರ ಕೈಗೇ ಕೊಡುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಈ ಲೆಕ್ಕ ಇನ್ನೂ ಮುಖ್ಯವಾಗಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೋರ್ಡಿನಲ್ಲಿ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ನಿಗಿಂತ ಹಳೆಯದಾಗಿರಬಾರದು. ಬೋರ್ಡ್ ಬದಲಿಸುವವರ ಬಳಿ 10ರ ರಿಟೇಲ್ ಲೈಸೆನ್ಸ್ ಇದ್ದರೆ ಅದೇ 11ಕ್ಕೂ ನಡೆಯುತ್ತದೆ, ಮತ್ತೆ ಕೊಳ್ಳಬೇಕಿಲ್ಲ. ಬ್ರೌಸಿಂಗು, ಮಕ್ಕಳ ಓದು ಇಷ್ಟೇ ಸಾಕು, ಲೈಸೆನ್ಸಿಗೆ ದುಡ್ಡಿಲ್ಲ ಎನ್ನುವವರಿಗೆ ನಾನು ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ ಕೊಡುತ್ತೇನೆ, ಅದರಲ್ಲಿ ಯೂನಿಕೋಡ್ ಕನ್ನಡ ಸಲೀಸಾಗಿ ಟೈಪಾಗುತ್ತದೆ. ಆ ಡಿಟಿಪಿ ಅಂಗಡಿಗೆ ಮಾತ್ರ ಅದು ಒಗ್ಗುವಂತಿರಲಿಲ್ಲ. ಅವರ ಹಳೆಯ ಫೈಲುಗಳೆಲ್ಲ ನುಡಿ ಫಾಂಟಿನಲ್ಲಿ, ಪೇಜ್‌ಮೇಕರಿನಲ್ಲಿ ಇದ್ದವು, ಪೇಜ್‌ಮೇಕರ್ ಲಿನಕ್ಸಿಗೆ ಬರುವುದಿಲ್ಲ. ಯಜಮಾನರು ರಿಟೇಲ್ ಲೈಸೆನ್ಸ್ ಕೊಂಡರು, ತಮ್ಮ ಮಗಳ ಕೈಯಲ್ಲಿ ಅಕೌಂಟ್ ಮಾಡಿಸಿದರು.