ಕಾಫಿ ಗಿಡ ನೋಡಲು ಬಂದ ಸರ್ಜನ್

ಮಡಿಕೇರಿ ಕೋಟೆಯೊಳಗಿನ ಹಳೇ ಚರ್ಚಿನ ಮ್ಯೂಸಿಯಂಗೆ ಸೋಮವಾರ ರಜೆ. ಬೀಗ ನೋಡಿಕೊಂಡು ಬರುವುದಕ್ಕಿಂತ ಆ ದಿನವನ್ನು ಸಿದ್ದಾಪುರ, ಪಾಲಿಬೆಟ್ಟದ ತೋಟಗಳಿಗೆ ಇಟ್ಟುಕೊಳ್ಳಿ. ರಾಜಾಸೀಟು ತಪ್ಪಿದರೂ ನಷ್ಟವಿಲ್ಲ.

1854ರಲ್ಲಿ ಫೌಲರ್ ಮಡಿಕೇರಿ ಬಳಿ ಮೊದಲ ಯುರೋಪಿಯನ್ ತೋಟ ಎಬ್ಬಿಸಿದ ಮೇಲೆ ದೊರೆಗಳು ಈ ಬಿದಿರು ಕಾಡಿಗೂ ನುಗ್ಗಿದರು. ಫಸಲಿನ ಆಸೆಗೆ ನೆರಳು ಮರಗಳನ್ನೂ ಬೋಳಿಸಿದರು. ಹತ್ತು ಹನ್ನೆರಡು ವರ್ಷದಲ್ಲಿ ಕಾಂಡ ಕೊರೆಯುವ ಹುಳ, ಬೋರರ್, ಎದ್ದಿತು. ಅದನ್ನು ಪರೀಕ್ಷಿಸಲು ಮದ್ರಾಸಿನಿಂದ ಬಂದವನು ಸರ್ಜನ್ ಜಾರ್ಜ್ ಬಿಡಿ, ಮನುಷ್ಯರ ಡಾಕ್ಟರು! ಮಳೆ ಕೊರತೆ, ನೆರಳಿಲ್ಲದ ಬಿಸಿಲು: ಅವನು ಹಿಡಿದ ಕಾರಣಗಳನ್ನು ಇವತ್ತಿಗೂ ತೆಗೆದುಹಾಕುವಂತಿಲ್ಲ.

ಈಗ ಸುತ್ತ ರೋಬಸ್ಟಾ ಕಾಫಿಯೇ ಹೆಚ್ಚು. ಅದಕ್ಕೆ ಈ ಹುಳದ ಕಾಟ ಕಡಿಮೆ. ಮೂಲೆಯ ಅರೇಬಿಕಾ ಬ್ಲಾಕಿನಲ್ಲಿ ಮೇಸ್ತ್ರಿ ಒಂದು ಕಾಂಡ ಸವರಿ ತೋರಿಸಿದರು.

“ಉಂಗುರದ ಹಾಗೆ ಉಬ್ಬಿದೆಯಲ್ಲ ಸಾರ್, ಒಳಗೆ ಹುಳ ಇದೆ.”

“ತೂತೇ ಇಲ್ಲವಲ್ಲ?”

“ತೂತು ಬಿದ್ದರೆ ದುಂಬಿ ಹಾರಿಹೋಯ್ತು ಅಂತ ಲೆಕ್ಕ.”

ಕತ್ತಿಯಿಂದ ಸೀಳಿದರೆ ಸುರಂಗದ ತುಂಬ ಗಿಡಿದ ಹೊಟ್ಟು, ತುದಿಯಲ್ಲಿ ಬೆಳ್ಳಗಿನ ಮರಿ. ಹೊಟ್ಟು ಹೀಗೆ ಬಿಗಿದಿರುವುದರಿಂದಲೇ ಹೊರಗೆ ಹೊಡೆದ ಔಷಧಿ ಒಳಗಿಳಿಯುವುದಿಲ್ಲ. ದುಂಬಿ ಹಾರುವುದು ಏಪ್ರಿಲ್–ಮೇ, ಮತ್ತೆ ಅಕ್ಟೋಬರ್–ಡಿಸೆಂಬರ್. ಅದಕ್ಕೆ ಮೊದಲೇ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಹುಳ ಹಿಡಿದ ಗಿಡ ಹುಡುಕಿ ಬೇರುಸಮೇತ ಕಿತ್ತು ಸುಡಬೇಕು. ಕಿತ್ತದ್ದನ್ನು ಸೌದೆಗೆಂದು ಒಟ್ಟಿಟ್ಟರೆ ದುಂಬಿ ಅದರಿಂದಲೇ ಹೊರಡುತ್ತದೆ. ಉಳಿದ ಗಿಡಗಳ ಸಡಿಲ ತೊಗಟೆ ಉಜ್ಜಿ, 200 ಲೀಟರ್ ನೀರಿಗೆ 20 ಕೆ.ಜಿ. ಸುಣ್ಣ ಕಲಸಿ ಕಾಂಡಕ್ಕೆ ಹೊಡೆಯುತ್ತಾರೆ. ಬಿರುಕಿನಲ್ಲಿ ಮೊಟ್ಟೆಯಿಡಲು ಜಾಗ ಸಿಗಬಾರದು. ಮರಗಸಿಯಲ್ಲಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವಾಗ, ಕೈ ಮುಂದಾಗಿ ಬಿಸಿಲು ಬಿದ್ದರೆ ಇಷ್ಟೂ ದಂಡ.

ಕಾಫಿ ಕೈಕೊಟ್ಟ ಮೇಲೆ ಪಕ್ಕದ ವಯನಾಡಿನಲ್ಲಿ 1880ರ ಹೊತ್ತಿಗೆ ತೋಟಗಳನ್ನೇ ಚಿನ್ನದ ಕಂಪನಿಗಳಿಗೆ ಮಾರಿದರು. ಖರ್ಚು ಹುಟ್ಟುವಷ್ಟೂ ಚಿನ್ನ ಸಿಗಲಿಲ್ಲ.

ಈ ತೋಟದ ಹಳೇ ಬಂಗಲೆ ಗುಡ್ಡದ ನೆತ್ತಿಯಲ್ಲಿದೆ, ಕೂಲಿಯಾಳುಗಳ ಲೈನ್‌ಮನೆಗಳು ಕೆಳಗೆ ತೋಡಿನ ಬದಿ. ಚಳಿಜ್ವರ ಕೆಟ್ಟ ಗಾಳಿಯಿಂದ ಬರುತ್ತದೆಂದು ಆ ಕಾಲದ ದೊರೆಗಳು ಎತ್ತರ ಹುಡುಕುತ್ತಿದ್ದರು. ಡಾಕ್ಟರ್ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಈ ಜ್ವರದ, ಅಂದರೆ ಮಲೇರಿಯಾದ, ರೋಗಾಣು ಕಂಡದ್ದು 1897ರಲ್ಲಿ. ಮಲೆಯ ಮಲೇರಿಯಾ ಸೊಳ್ಳೆ ಫ್ಲುವಿಯಾಟಿಲಿಸ್ ಮೊಟ್ಟೆಯಿಡುವುದು ಮೆಲ್ಲಗೆ ಹರಿಯುವ ತೋಡಿನ ಹುಲ್ಲಂಚಿನಲ್ಲಿ. ತಪ್ಪು ಲೆಕ್ಕವೂ ಬಂಗಲೆಯನ್ನು ಕಾಯಿತು.

“ಲೈನ್ ಯಾಕೆ ಇಷ್ಟು ಕೆಳಗೆ?”

ಮೇಸ್ತ್ರಿ ಕತ್ತಿ ಒರೆಸಿದರು. “ನೀರು ಹೊರೋದು ತಪ್ಪುತ್ತಲ್ಲ ಸಾರ್.”