ಹೋತದ ಬಿಯರ್ ಹುಡುಕಿಕೊಂಡು ಗೆಂಟ್‌ಗೆ

ಭಾವಮೈದುನ ಬೆಲ್ಜಿಯಂನ ಲೂವೆನ್‌ನಲ್ಲಿ ಚಿಪ್ ಸಂಶೋಧನೆಯ ಕೆಲಸದಲ್ಲಿದ್ದಾನೆ. ಹೆಂಡತಿಗೆ ತಮ್ಮನನ್ನು ನೋಡುವ ಆಸೆ, ನನಗೆ ಅಲ್ಲಿಯ ಕಪ್ಪು ಬಿಯರ್ ಕುಡಿದು ನೋಡುವ ಆಸೆ. ಎರಡನ್ನೂ ಸೇರಿಸಿ ನವೆಂಬರ್‌ನಲ್ಲಿ ಹೊರಟೆವು. ಬಿಯರ್ ನೆಪದಲ್ಲಿ ಬೆಲ್ಜಿಯಂಗೆ ಹೋಗುವ ಯೋಚನೆಯಲ್ಲಿರುವವರಿಗೆ ನಮ್ಮ ನಾಲ್ಕು ದಿನದ ಅನುಭವ ಉಪಯೋಗಕ್ಕೆ ಬರಬಹುದು.

ಮೊದಲ ಸಲಹೆ: ರೂಮನ್ನು ಬ್ರಸೆಲ್ಸ್‌ನಲ್ಲಿ ಮಾಡಬೇಡಿ, ಗೆಂಟ್‌ನಲ್ಲಿ ಮಾಡಿ. ಬ್ರಸೆಲ್ಸ್‌ನ ದೊಡ್ಡ ಚೌಕದ ಸುತ್ತಲಿನ ಕೆಫೆಗಳಲ್ಲಿ ಜನಜಂಗುಳಿ. ಒಂದು ಗ್ಲಾಸ್ ಮುಂದಿಟ್ಟುಕೊಂಡು ಒಂದು ಗಂಟೆ ಕೂರುವ ಸಮಾಧಾನ ನನಗಂತೂ ಸಿಗಲಿಲ್ಲ. ಗೆಂಟ್‌ಗೆ ಬ್ರಸೆಲ್ಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ವಿಮಾನ ನಿಲ್ದಾಣದ ನೆಲಮಾಳಿಗೆಯಿಂದಲೇ ನೇರ ರೈಲಿದೆ. ಒಂದು ಎಚ್ಚರಿಕೆ: ಬ್ರಸೆಲ್ಸ್ ಎರಡು ಭಾಷೆಯ ಊರಾದ್ದರಿಂದ ಸ್ಟೇಷನ್ ಬೋರ್ಡ್‌ನಲ್ಲಿ ಗೆಂಟ್ ಒಮ್ಮೆ ಡಚ್‌ನಲ್ಲಿ ‘ಗೆಂಟ್’ ಎಂದೂ, ಇನ್ನೊಮ್ಮೆ ಫ್ರೆಂಚ್‌ನಲ್ಲಿ ‘ಗಾಂಡ್’ ಎಂದೂ ಬರುತ್ತದೆ. ಅದು ಬೇರೆ ಊರೆಂದುಕೊಂಡು ನಾವು ಒಂದು ರೈಲು ಬಿಟ್ಟೆವು. ಇಳಿಯಬೇಕಾದದ್ದು ಸಿಂಟ್-ಪೀಟರ್ಸ್ ಸ್ಟೇಷನ್. ಅಲ್ಲಿಂದ 1ನೇ ನಂಬರ್ ಟ್ರಾಮ್ ಹಿಡಿದು ಕೋರೆನ್‌ಮಾರ್ಕ್ಟ್‌ನಲ್ಲಿ ಇಳಿದರೆ ಊರ ನಡುವೆ ಇರುತ್ತೀರಿ. ಅಲ್ಲಿಂದಾಚೆ ಎಲ್ಲವೂ ಕಾಲ್ನಡಿಗೆ.

ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆಯನ್ನಂತೂ ಬಿಟ್ಟುಬಿಡಿ. ಊರಿನ ನಡುಭಾಗದಲ್ಲಿ ಕಾರಿಗೆ ಜಾಗವಿಲ್ಲ. ಜೊತೆಗೆ ಅಲ್ಲಿ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೋಹಾಲ್ ಇದ್ದರೆ ದಂಡ. ನಾವು ಹುಡುಕಿ ಹೋಗುತ್ತಿರುವ ಬಿಯರ್‌ಗಳ ಗಟ್ಟಿತನಕ್ಕೆ ಒಂದೆರಡು ಗ್ಲಾಸ್ ಸಾಕು, ಮಿತಿ ದಾಟಲು.

ಇನ್ನು ಬಿಯರ್ ವಿಷಯ. ಬೆಲ್ಜಿಯಂ ಎಂದ ಕೂಡಲೇ ಎಲ್ಲರೂ ಹೇಳುವುದು ಸನ್ಯಾಸಿಗಳ ಮಠಗಳಲ್ಲಿ ತಯಾರಾಗುವ ಟ್ರಾಪಿಸ್ಟ್ ಬಿಯರ್‌ಗಳನ್ನು: ವೆಸ್ಟ್‌ಮಾಲ್, ಶಿಮೇ, ರೋಶ್‌ಫೋರ್, ವೆಸ್ಟ್‌ಫ್ಲೆಟೆರೆನ್. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ. ನನಗೆ ಹುಚ್ಚು ಹಿಡಿಸಿದ್ದು ‘ಬೋಕ್’. ಬೋಕ್ ಮೂಲತಃ ಬೆಲ್ಜಿಯಂನದ್ದೇ ಅಲ್ಲ, ಜರ್ಮನಿಯದು. ಉತ್ತರ ಜರ್ಮನಿಯ ಐನ್‌ಬೆಕ್ ಎಂಬ ಊರಿನ ಗಟ್ಟಿ ಬಿಯರ್ ದಕ್ಷಿಣದ ಮ್ಯೂನಿಕ್‌ಗೆ ಹೋಯಿತು. ಅಲ್ಲಿಯವರ ನಾಲಿಗೆಯಲ್ಲಿ ಊರ ಹೆಸರು ಸವೆದು ‘ಐನ್ ಬೋಕ್’ ಆಯಿತು ಅನ್ನುತ್ತಾರೆ. ಜರ್ಮನ್‌ನಲ್ಲಿ ಹಾಗೆಂದರೆ ‘ಒಂದು ಹೋತ’. ಅದಕ್ಕೇ ಬೋಕ್ ಬಾಟಲಿಗಳ ಲೇಬಲ್ ಮೇಲೆ ಗಡ್ಡದ ಹೋತ ಆಗಾಗ ಕಾಣಿಸುವುದು. ಪಕ್ಕದ ನೆದರ್‌ಲ್ಯಾಂಡ್ಸ್‌ನಲ್ಲಿ ಶರತ್ಕಾಲ ಬಂತೆಂದರೆ ಬೋಕ್ ಬಿಯರ್ ಸುಗ್ಗಿ. ಬೆಲ್ಜಿಯಂನಲ್ಲಿ ಇದನ್ನು ಮಾಡುವವರು ಕಡಿಮೆ; ಹುಡುಕುವ ಸುಖ ಇರುವುದೂ ಅದರಲ್ಲೇ.

ನಾನು ಹುಡುಕಿಕೊಂಡು ಹೋದದ್ದು ಫಾನ್ ಸ್ಟೇನ್‌ಬೆರ್ಹ ಬ್ರೂವರಿಯ ಲೋಟೆ ಬೋಕ್‌ಬಿಯರ್. ಬ್ರೂವರಿ ಗೆಂಟ್‌ನ ಉತ್ತರಕ್ಕೆ ಎರ್ಟ್‌ವೆಲ್ಡೆ ಎಂಬ ಸಣ್ಣ ಊರಲ್ಲಿದೆ, 1784ರಿಂದ ನಡೆದು ಬಂದದ್ದು. ‘ಲೋಟೆ’ ಎಂದರೆ ಅಲ್ಲಿಯ ಮಾತಿನಲ್ಲಿ ಮೋಜು, ಖುಷಿ. ಅವರ ಉಚ್ಚಾರಣೆ ಸ್ವಲ್ಪ ತುಟಿ ದುಂಡು ಮಾಡಿ ಬರುವಂಥದ್ದು, ಆದರೆ ನಮ್ಮ ಕಿವಿಗೆ ‘ಲೋಟ’ದಂತೆಯೇ ಕೇಳಿಸುತ್ತದೆ. ಕುಡಿಯುವ ಪದಾರ್ಥಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೇ? ಆಲ್ಕೋಹಾಲ್ 7.5%. ಇದೇ ಬ್ರೂವರಿಯ ಹೆಸರಾಂತ ಬಿಯರ್ ಗುಲ್ಡನ್ ಡ್ರಾಕ್, ಅಂದರೆ ಚಿನ್ನದ ಡ್ರ್ಯಾಗನ್, ಅದು 10.5%. ಗೆಂಟ್‌ನ ಗಂಟೆಗೋಪುರದ ತುದಿಯಲ್ಲಿ 1377ರಲ್ಲಿ ಏರಿಸಿದ ಡ್ರ್ಯಾಗನ್ನಿನ ಹೆಸರು ಅದಕ್ಕೆ. ಬಿಳಿ ಬಾಟಲಿ, ಯಾವ ಅಂಗಡಿಯಲ್ಲೂ ಸುಲಭವಾಗಿ ಗುರುತು ಹಿಡಿಯಬಹುದು.

ಎರ್ಟ್‌ವೆಲ್ಡೆಗೆ ನಾವು ಹೋಗಲಿಲ್ಲ. ಬ್ರೂವರಿ ನೋಡಬೇಕೆನ್ನುವವರು ಹೊರಡುವ ಮುಂಚೆಯೇ ಕೇಳಿ ದಿನ ಗೊತ್ತು ಮಾಡಿಕೊಳ್ಳಿ. ಸುಮ್ಮನೆ ಗೇಟಿನ ಮುಂದೆ ಹೋಗಿ ನಿಂತರೆ ಆಗುವ ಕೆಲಸವಲ್ಲ. ನಮಗೆ ಬೇಕಿದ್ದದ್ದು ಬಾಟಲಿ. ಅದೂ ಕರೆದ ಕೂಡಲೇ ಬರಲಿಲ್ಲ. ಎರಡು ಕೆಫೆಯಲ್ಲಿ ‘ಇಲ್ಲ’ ಎಂದರು, ಮೂರನೆಯದರಲ್ಲಿ ಸಿಕ್ಕಿತು. ಅಲ್ಲಿಯ ಕೆಫೆಗಳಲ್ಲಿ ಬಿಯರ್ ಪಟ್ಟಿ ಪುಸ್ತಕದ ಹಾಗಿರುತ್ತದೆ. ಪುಟ ತಿರುವುತ್ತಾ ಕೂರುವ ಬದಲು ಹೆಸರು ಹೇಳಿ ಕೇಳುವುದು ಲೇಸು.

ರುಚಿ ನೋಡಿ ಅಂಕ ಕೊಡುವುದಕ್ಕೆ ನನ್ನದೊಂದು ಲೆಕ್ಕವಿದೆ. ಒಟ್ಟು 20. ನೋಟಕ್ಕೆ 3, ವಾಸನೆಗೆ 5, ರುಚಿಗೆ 7, ಬಾಯಲ್ಲಿ ಕೂರುವ ಬಗೆಗೆ 3, ಇನ್ನೊಂದು ಬೇಕು ಅನ್ನಿಸುತ್ತದೆಯೇ ಎಂಬುದಕ್ಕೆ 2. ಪಾಕೆಟ್ ಪುಸ್ತಕ ತೆಗೆದು ಬರೆಯುತ್ತಾ ಕೂತರೆ ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಪಕ್ಕದ ಟೇಬಲ್‌ನ ಮುದುಕರೊಬ್ಬರು ನನ್ನ ಅಂಕಪಟ್ಟಿಯನ್ನು ಇಣುಕಿ ನೋಡಿ ತಲೆ ಅಲ್ಲಾಡಿಸಿದರು. ಅಕ್ಷರ ಕನ್ನಡದ್ದು, ಆದರೆ ಅಂಕಿ ಅವರಿಗೂ ಅರ್ಥವಾಗುವಂಥದ್ದೇ ತಾನೆ!

ಬಾಟಲಿ ಬಂತು. ನಾನು ಬೆಂಗಳೂರಿನ ಅಭ್ಯಾಸದಲ್ಲಿ ಬಾಟಲಿ ಮುಟ್ಟಿ ನೋಡಿದೆ, ಅಷ್ಟೇನೂ ತಣ್ಣಗಿಲ್ಲ. ಇನ್ನೂ ಚಿಲ್ಡ್ ಇದೆಯೇ ಎಂದು ಕೇಳಲು ಬಾಯಿ ತೆರೆದೆ.

“ಭಾವ, ದಯವಿಟ್ಟು ಐಸ್ ಗೀಸ್ ಕೇಳ್ಬೇಡಿ. ನಾನು ಈ ದೇಶದಲ್ಲೇ ಇರಬೇಕು,” ಅಂದ ಭಾವಮೈದುನ.

ಸುಮ್ಮನಾದೆ. ಗ್ಲಾಸನ್ನು ಓರೆ ಹಿಡಿದು ನಿಧಾನಕ್ಕೆ ಬಗ್ಗಿಸಿ, ಕೊನೆಯಲ್ಲಿ ನೆಟ್ಟಗೆ ಮಾಡಿದರೆ ಎರಡು ಬೆರಳಷ್ಟು ನೊರೆ ನಿಲ್ಲುತ್ತದೆ. ಬೆಲ್ಜಿಯಂನ ಅನೇಕ ಬಿಯರ್‌ಗಳು ಬಾಟಲಿಯೊಳಗೇ ಇನ್ನೊಮ್ಮೆ ಹುಳಿಯುವುದರಿಂದ ತಳದಲ್ಲಿ ಯೀಸ್ಟಿನ ಗಸಿ ಇರುತ್ತದೆ. ಕೊನೆಯ ಒಂದು ಸೆಂಟಿಮೀಟರನ್ನು ಬಾಟಲಿಯಲ್ಲೇ ಬಿಡಿ. ಗಸಿ ಕುಡಿದರೆ ಕೆಡುಕಿಲ್ಲ, ಆದರೆ ಬಣ್ಣ ಕದಡಿ ರುಚಿ ಬೇರೆಯಾಗುತ್ತದೆ.

ಬಣ್ಣ ಕಪ್ಪು ಎಂದುಕೊಂಡಿದ್ದೆ. ದೀಪಕ್ಕೆ ಹಿಡಿದರೆ ಕೆಂಪು ಕಂದು, ಗಟ್ಟಿಯಾಗಿ ಕಾಸಿದ ಕಷಾಯದ ಬಣ್ಣ. ನೋಟಕ್ಕೆ 2.5 ಬರೆದೆ. ವಾಸನೆ ಮೊದಲಿಗೆ ಏನೂ ಹೇಳಲಿಲ್ಲ, 2. ಮೊದಲ ಗುಟುಕು ಸಿಹಿ, ಕೊಂಚ ಸುಟ್ಟ ಸಕ್ಕರೆ, ಅಷ್ಟೇ. ರುಚಿಗೆ 3.5. ಬಾಯಲ್ಲಿ ಕೂರುವುದಕ್ಕೆ 2, ಇನ್ನೊಂದು ಬೇಕೇ ಎಂಬುದಕ್ಕೆ 1. ಒಟ್ಟು 11. ಇಷ್ಟಕ್ಕಾಗಿ ಇಷ್ಟು ದೂರ ಬಂದೆನೇ ಅನ್ನಿಸಿತು.

ಆಮೇಲೆ ಹೆಂಡತಿ ಮತ್ತು ಅವಳ ತಮ್ಮ ಊರಿನ ಸುದ್ದಿಗೆ ಇಳಿದರು. ಅಡಿಕೆ ರೇಟು, ಅತ್ತೆಯ ಮಂಡಿನೋವು, ಯಾರದೋ ಮದುವೆ. ನಾನು ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಕೂತಿದ್ದೆ. ಇಪ್ಪತ್ತು ನಿಮಿಷ ಕಳೆದು ಮತ್ತೆ ಮೂಗಿಗೆ ಹಿಡಿದರೆ ಬೇರೆಯದೇ ಬಿಯರ್. ಮೊಳಕೆ ಕಟ್ಟಿ ಹುರಿದ ರಾಗಿಯ ಘಮ, ಒಣದ್ರಾಕ್ಷಿ, ಹಿಂದೆಯೇ ನಮ್ಮ ಮಲೆನಾಡಿನ ಜೋನಿಬೆಲ್ಲ. ಹುರಿದ ರಾಗಿಯ ವಾಸನೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ: ಮಾಲ್ಟ್ ಎಂದರೆ ಅದೇ, ಇಲ್ಲಿ ರಾಗಿಯಾದರೆ ಅಲ್ಲಿ ಬಾರ್ಲಿ. ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಕಪ್ಪು ಬಿಯರ್‌ಗಾದರೆ ಒಂದು ಪಾಲನ್ನು ಚೆನ್ನಾಗಿ ಹುರಿಯುವುದು. ಗುಟುಕು ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಸಣ್ಣಗೆ ಕಹಿ, ಎದೆಯಲ್ಲಿ ಬೆಚ್ಚಗೆ. ವಾಸನೆಯ 2 ಹೊಡೆದು 4 ಮಾಡಿದೆ, ರುಚಿಯ 3.5 ಹೊಡೆದು 5. ಒಟ್ಟು 14.5. ಇದಕ್ಕಿಂತ ಹೆಚ್ಚು ಕೊಡಲಾರೆ. ಸಿಹಿ ಒಂದು ಕೂದಲೆಳೆ ಮುಂದಿದೆ, ಹಾಪ್ಸ್ ಎಂಬ ಹೂವಿನ ಕಹಿ ಇನ್ನೂ ಸ್ವಲ್ಪ ಎದುರು ನಿಂತಿದ್ದರೆ ಚೆನ್ನಿತ್ತು.

ಗಟ್ಟಿಯಾದ ಕಪ್ಪು ಬಿಯರನ್ನು 10ರಿಂದ 12 ಡಿಗ್ರಿಯಲ್ಲಿ ಕುಡಿಯಿರಿ ಎಂದು ತಿಳಿದವರು ಹೇಳುವುದು ಇದಕ್ಕೇ. ತಣ್ಣಗಿದ್ದರೆ ಮೂಗೂ ನಾಲಿಗೆಯೂ ಅರ್ಧ ನಿದ್ದೆಯಲ್ಲಿರುತ್ತವೆ. ಅಂಕವನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ರಬ್ಬರ್ ಇಟ್ಟುಕೊಳ್ಳಿ.

ಎರಡನೆಯ ದಿನ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಹುಮ್ಮಸ್ಸಿನಲ್ಲಿ ಮಧ್ಯಾಹ್ನವೇ ಗುಲ್ಡನ್ ಡ್ರಾಕ್, ಅದರ ಹಿಂದೆ ರೋಶ್‌ಫೋರ್ 10. ಎರಡನೆಯದು 11.3%. ಆಮೇಲೆ ಹೋಲಿಕೆಗೆಂದು ಬೋಕ್ ತರಿಸಿದರೆ ನೀರು ಕುಡಿದ ಹಾಗಿತ್ತು. ಆ ದಿನದ ಅಂಕಗಳನ್ನೆಲ್ಲ ಹೊಡೆದು ಹಾಕಿದ್ದೇನೆ. ಹಗುರದಿಂದ ಗಟ್ಟಿಗೆ ಹೋಗಿ, ದಿನಕ್ಕೆ ಎರಡಕ್ಕೆ ನಿಲ್ಲಿಸಿ. ನಡುವೆ ನೀರು ಬೇಕೇ ಬೇಕು, ಆದರೆ ನಮ್ಮ ಹೋಟೆಲ್‌ಗಳ ಹಾಗೆ ಕೂತ ಕೂಡಲೇ ಲೋಟದಲ್ಲಿ ನೀರು ತಂದಿಡುವ ಪದ್ಧತಿ ಅಲ್ಲಿಲ್ಲ. ಬಾಟಲಿ ನೀರಿಗೆ ದುಡ್ಡು ಕೊಡಬೇಕು, ಕೆಲವೊಮ್ಮೆ ಸಾದಾ ಬಿಯರಿನಷ್ಟೇ! ಬೋಕ್‌ನಂಥ ಬಿಯರಿಗೆ ನಾವು 5 ಯೂರೋ ಆಸುಪಾಸು ಕೊಟ್ಟೆವು. ಟಿಪ್ಸ್ ಕಡ್ಡಾಯವಲ್ಲ.

ಫ್ರೈಡಾಗ್‌ಮಾರ್ಕ್ಟ್, ಅಂದರೆ ಶುಕ್ರವಾರದ ಸಂತೆಮಾಳ, ಅಲ್ಲಿ ಡುಲ್ಲೆ ಗ್ರೀಟ್ ಎಂಬ ಕೆಫೆಯಿದೆ. 1.2 ಲೀಟರ್ ಹಿಡಿಸುವ, ಮರದ ಚೌಕಟ್ಟಿನಲ್ಲಿ ನಿಲ್ಲುವ ಗ್ಲಾಸ್ ಬೇಕೆಂದರೆ ನಿಮ್ಮ ಒಂದು ಶೂ ಅಡವಿಡಬೇಕು. ಅದನ್ನು ಬುಟ್ಟಿಗೆ ಹಾಕಿ ಹಗ್ಗ ಎಳೆದು ಸೂರಿಗೆ ಏರಿಸುತ್ತಾರೆ. ನೋಡಲು ಮಜವಾಗಿದೆ. ಬೇರೆಯವರ ಶೂ ಮೇಲೇರುವುದನ್ನು ನೋಡಿ, ನೀವು ಸಣ್ಣ ಗ್ಲಾಸ್ ತರಿಸಿಕೊಳ್ಳಿ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಬೇಡ. 2009ರಿಂದ ಗುರುವಾರವನ್ನು ಸಸ್ಯಾಹಾರದ ದಿನವೆಂದು ಸಾರಿದ ಊರು ಇದು. ನನ್ನ ಹೆಂಡತಿ ಮೊಟ್ಟೆಯನ್ನೂ ಮುಟ್ಟದವಳು, ನಾಲ್ಕು ದಿನ ಅವಳಿಗೆ ತೊಂದರೆಯಾಗಲಿಲ್ಲ. ಆದರೆ ಆಲೂಗಡ್ಡೆ ಫ್ರೈಸ್ ಸಸ್ಯಾಹಾರವೆಂದು ಕಣ್ಣು ಮುಚ್ಚಿ ತಿನ್ನಬೇಡಿ. ಸಾಂಪ್ರದಾಯಿಕವಾಗಿ ಕರಿಯುವುದು ದನದ ಕೊಬ್ಬಿನಲ್ಲಿ, ಕೇಳಿ ತರಿಸಿ. ಕೆಫೆಯಲ್ಲಿ ಬಿಯರ್ ಜೊತೆಗೆ ಚೌಕ ಚೌಕ ಕತ್ತರಿಸಿದ ಚೀಸ್, ಸಾಸಿವೆ ಗೊಜ್ಜು, ಸೆಲರಿ ಉಪ್ಪು ಕೊಡುತ್ತಾರೆ. ಬೋಕ್‌ನ ಸಿಹಿಗೆ ಈ ಸಾಸಿವೆಯ ಘಾಟು ಬಲು ಚೆನ್ನಾಗಿ ಹೊಂದುತ್ತದೆ. ಚೀಸ್ ತಿಂದ ಮೇಲೆ ಕುಡಿದ ಗುಟುಕಿಗೆ ಇನ್ನರ್ಧ ಅಂಕ ಕೊಡುವ ಮನಸ್ಸಾಗಿತ್ತು, ಅದು ಚೀಸ್‌ಗೆ ಸಲ್ಲಬೇಕಾದದ್ದೆಂದು ಬಿಟ್ಟೆ.

ಕಾಲದ ವಿಷಯ. ಜುಲೈನಲ್ಲಿ ಹತ್ತು ದಿನ ಊರಹಬ್ಬ ನಡೆಯುತ್ತದೆ. ಹಬ್ಬ ನೋಡುವವರಿಗೆ ಸರಿ, ಬಿಯರ್ ಮುಂದೆ ಧ್ಯಾನಕ್ಕೆ ಕೂರುವವರಿಗಲ್ಲ. ನವೆಂಬರ್‌ನಲ್ಲಿ ಐದು ಗಂಟೆಗೆಲ್ಲ ಕತ್ತಲು, ಜಿಟಿಜಿಟಿ ಮಳೆ, ಕೆಫೆಯೊಳಗೆ ಹಳದಿ ದೀಪ. ಕಪ್ಪು ಬಿಯರಿಗೆ ಇದೇ ಕಾಲ. ಬೆಲ್ಜಿಯಂಗೆ ಬೇಕಾದ ಷೆಂಗೆನ್ ವೀಸಾಕ್ಕೆ 90 ಯೂರೋ, 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಅರ್ಜಿಯನ್ನು ಎರಡು ತಿಂಗಳು ಮುಂಚೆಯೇ ಹಾಕಿ.

ವಾಪಸ್ ತರುವವರಿಗೆ ಒಂದು ಲೆಕ್ಕ. ಸುಂಕವಿಲ್ಲದೆ ಭಾರತಕ್ಕೆ ತಲೆಗೆ 2 ಲೀಟರ್ ಮದ್ಯ ತರಬಹುದು, ಬಿಯರ್ ಆದರೂ ಅಷ್ಟೇ. 33 ಸೆಂಟಿಲೀಟರ್‌ನ ಬಾಟಲಿ ಆರು ಎಂದರೆ 1.98 ಲೀಟರ್. ಈ ನಿಯಮ ಮಾಡಿದವರು ನಮ್ಮನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ! ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿನ ನಡುವೆ ಇಡಬೇಕು. ನಾನು ಒಂದೊಂದನ್ನೂ ಪಂಚೆಯಲ್ಲಿ ಸುತ್ತಿದೆ, ಐದು ಕ್ಷೇಮವಾಗಿ ಬಂದವು. ಪಂಚೆ ಸಾಲದೆ ಕರ್ಚೀಫಿನಲ್ಲಿ ಸುತ್ತಿದ ಆರನೆಯದು ಬ್ಯಾಗಿನಲ್ಲೇ ಒಡೆಯಿತು. ಬಟ್ಟೆಯನ್ನೆಲ್ಲ ಎರಡು ಸಲ ಒಗೆದರೂ ಹೆಂಡತಿಯ ಸ್ವೆಟರ್‌ನಲ್ಲಿ ಜೋನಿಬೆಲ್ಲದ ವಾಸನೆ ಇನ್ನೂ ಇದೆ. ಆ ವಾಸನೆಗೆ ಎಷ್ಟು ಅಂಕ ಎಂದು ಅವಳು ಆಗಾಗ ಕೇಳುತ್ತಿರುತ್ತಾಳೆ.